ಕುದುರೆ ಇಳಿದ ಮೇಲೆ ಬರೆದ ಪುಟ

ಯಾದಗಿರಿ ಬಿಟ್ಟು ಭೀಮಾ ಹೊಳೆ ದಾಟಿದರೆ ಶಹಾಪುರ, ಅಲ್ಲಿಂದ ಸುರಪುರ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೆ ಒಂದು ನಿದ್ದೆಯ ದಾರಿ. ಇದೇ ದಾರಿಗೆ ಕುದುರೆಗೆ ಎರಡು ದಿನ ಬೇಕು. ಕುದುರೆ ಅಂದರೆ ಓಟ ಎಂದು ಸಿನಿಮಾ ನೋಡಿದ ನಮಗೆಲ್ಲ ಅನ್ನಿಸುತ್ತದೆ. ಆದರೆ ದೂರ ಹೋಗುವವನು ಕುದುರೆಯನ್ನು ಓಡಿಸುವುದಿಲ್ಲ, ನಡೆಸುತ್ತಾನೆ. ನಡೆಯುವ ಕುದುರೆಯ ವೇಗ ತಾಸಿಗೆ 5-6 ಕಿಲೋಮೀಟರು. ಚುರುಕು ಕಾಲಿನ ಮನುಷ್ಯನಿಗಿಂತ ತುಸುವೇ ಹೆಚ್ಚು. ದಿನಕ್ಕೆ 25-30 ಕಿಲೋಮೀಟರು ಆಯಿತು ಅಂದರೆ ಇಳಿಯಬೇಕು. ಜೀನು ಬಿಚ್ಚಬೇಕು, ಬೆನ್ನು ಸವರಿ ನೋಡಬೇಕು, ನಾಲ್ಕೂ ಗೊರಸು ಎತ್ತಿ ನೋಡಬೇಕು, ನೀರು ಎಲ್ಲಿದೆ ಎಂದು ಊರವರನ್ನು ಕೇಳಬೇಕು. ಒಂದು ಕುದುರೆ ದಿನಕ್ಕೆ 30-40 ಲೀಟರ್ ನೀರು ಕುಡಿಯುತ್ತದೆ. ಅಷ್ಟು ನೀರು ಕೇಳುವಾಗ ಊರವರ ಜೊತೆ ಮಾತು ಬೆಳೆಯದೆ ಇರುವುದಿಲ್ಲ.

ಹಾಗಾಗಿ ಕುದುರೆ ಮೇಲೆ ದೂರ ಹೋದವರಿಗೆ ದಿನಚರಿ ಬರೆಯಲು ವಸ್ತು ಹುಡುಕುವ ಕಷ್ಟ ಇರುವುದಿಲ್ಲ. ಸಂಜೆಯ ಕೆಲಸವೇ ವಸ್ತು. ಅದನ್ನು ಆವತ್ತಿಂದು ಆವತ್ತೇ ಯಾರು ಬರೆದಿಟ್ಟರು, ಯಾರು ಎಷ್ಟೋ ವರ್ಷದ ಮೇಲೆ ನೆನೆದು ಬರೆದರು, ಯಾರು ಬರೆಯಲೇ ಇಲ್ಲ ಎನ್ನುವುದರ ಮೇಲೆ ನಮ್ಮ ಸೀಮೆಯ ಕತೆ ಬಹಳಷ್ಟು ನಿಂತಿದೆ. ಇದು ನಮಗೆ ಸ್ಪಷ್ಟವಾದದ್ದು ಎಂಟು ದಿನ ಒಂದು ಕುದುರೆಯ ಹಿಂದೆ ನಡೆದ ಮೇಲೆ. ಅದಕ್ಕೆ ಆಮೇಲೆ ಬರುತ್ತೇವೆ. ಮೊದಲು ಟೇಲರ್ ಸಾಹೇಬರ ವಿಷಯ ಮುಗಿಸೋಣ.

ಸುರಪುರದ ಕಡೆಯವರಿಗೆ ಈ ಹೆಸರು ಹೊಸದಲ್ಲ. ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡದವರು ಕಡಿಮೆ. ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದವರು. ಮೀಸೆ ಮೂಡುವ ವಯಸ್ಸಿಗೇ ಮುಂಬಯಿಗೆ ಬಂದು, ನಿಜಾಮನ ಸೈನ್ಯ ಸೇರಿದರು. ಸುರಪುರದ ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಸಣ್ಣವನು. ಸಂಸ್ಥಾನ ನೋಡಿಕೊಳ್ಳಲು 1840ರ ದಶಕದ ಆರಂಭದಲ್ಲಿ ಟೇಲರ್ ಬಂದರು. 1853ರಲ್ಲಿ ರಾಜ್ಯವನ್ನು ವೆಂಕಟಪ್ಪ ನಾಯಕನ ಕೈಗೆ ಕೊಟ್ಟು ಹೊರಡುವ ತನಕ ಇಲ್ಲೇ ಇದ್ದರು. ಹುಡುಗ ರಾಜ ಇವರನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದ.

ನಮ್ಮಂಥ ಪತ್ರಿಕೋದ್ಯಮ ಓದಿದವರಿಗೆ ಇನ್ನೊಂದು ಸಂಗತಿ ಖುಷಿ ಕೊಡುತ್ತದೆ. 1840ರಿಂದ 1853ರವರೆಗೆ ಟೇಲರ್ ಲಂಡನ್ನಿನ ‘ಟೈಮ್ಸ್’ ಪತ್ರಿಕೆಗೆ ವರದಿ ಬರೆಯುತ್ತಿದ್ದರು. ಅಂದರೆ ‘ಟೈಮ್ಸ್’ ಪತ್ರಿಕೆಗೆ ಆಗಿನ ಕಾಲದಲ್ಲೇ ಸುರಪುರದಲ್ಲಿ ಒಬ್ಬ ವರದಿಗಾರ ಇದ್ದ. ಈಗ ಎಷ್ಟು ಪತ್ರಿಕೆಗಳಿಗೆ ಇದ್ದಾರೋ ನೀವೇ ಎಣಿಸಿಕೊಳ್ಳಿ.

ಆಗ ಸಂಸ್ಥಾನ ನೋಡಿಕೊಳ್ಳುವುದು ಅಂದರೆ ತಿರುಗಾಟ. ಹೊಲ ಅಳೆಸುವುದು, ಕೆರೆ ನೋಡುವುದು, ಜಗಳ ಬಗೆಹರಿಸುವುದು, ಊರಿಂದೂರಿಗೆ ಡೇರೆ ಹಾಕಿಕೊಂಡು ಹೋಗುವುದು. ಬೋನಾಳ ಕೆರೆಯನ್ನು ಟೇಲರ್ ಸರಿಪಡಿಸಿದ್ದು ಈ ಕಾಲದಲ್ಲೇ. ಈಗ ಅಲ್ಲಿಗೆ ಹಕ್ಕಿ ನೋಡಲು ಜನ ಬರುತ್ತಾರೆ. ಶಹಾಪುರದ ಮಗ್ಗುಲಲ್ಲಿ ವಿಭೂತಿಹಳ್ಳಿಯ ಬಯಲಿನಲ್ಲಿ ಸಾಲುಸಾಲಾಗಿ ಗುಂಡುಗಲ್ಲು ಇಟ್ಟಿರುವುದನ್ನು, ರಾಜನಕೋಳೂರಿನ ಚಪ್ಪಡಿ ಗೋರಿಗಳನ್ನು ಟೇಲರ್ ಅಳೆದು, ಚಿತ್ರ ಬರೆದು, ವಿದ್ವಾಂಸರ ಪತ್ರಿಕೆಗಳಿಗೆ ಕಳಿಸಿದರು. ಇಂಥ ಗೋರಿಗಳನ್ನು ನಮ್ಮ ಜನ ಮೋರೇರ ಮನೆ ಎನ್ನುತ್ತಾರೆ. ದನ ಕಾಯುವವರಿಗೆ ಅವು ಯಾವತ್ತೂ ಗೊತ್ತಿದ್ದವು. ಹೊರಗಿನ ಜಗತ್ತಿಗೆ ಗೊತ್ತಾದದ್ದು ಒಬ್ಬ ಸವಾರ ಇಳಿದು, ಹೆಜ್ಜೆ ಹಾಕಿ ಅಳೆದು, ಅಂಕಿ ಬರೆದುಕೊಂಡದ್ದಕ್ಕೆ. ಬಸ್ಸಿನಿಂದ ನೋಡಿದರೆ ವಿಭೂತಿಹಳ್ಳಿ ಬರೀ ಕಲ್ಲು ಬಿದ್ದ ಹೊಲ.

ಇಲ್ಲಿಯ ತನಕ ಸರಿ. ಆದರೆ ಟೇಲರ್ ಹೆಸರು ಹೇಳಿದರೆ ಎಲ್ಲರೂ ಎತ್ತುವುದು ಅವರ ಕಲ್ಲಿನ ಅಳತೆಯನ್ನಲ್ಲ, ಆತ್ಮಕಥೆಯನ್ನು. ‘ನನ್ನ ಬದುಕಿನ ಕತೆ’ ಎಂಬ ಅರ್ಥದ ಹೆಸರಿನ ಆ ಇಂಗ್ಲಿಷ್ ಪುಸ್ತಕ ಅಚ್ಚಾದದ್ದು 1877ರಲ್ಲಿ. ಅಷ್ಟರಲ್ಲಿ ಟೇಲರ್ ತೀರಿಕೊಂಡು ಒಂದು ವರ್ಷವಾಗಿತ್ತು. ಮಗಳು ಸಂಪಾದಿಸಿ ಹೊರತಂದಳು. ಟೇಲರ್ ಹಿಂದೂಸ್ತಾನ ಬಿಟ್ಟದ್ದು 1860ರಲ್ಲಿ. ಕುದುರೆ ಇಳಿದು ವರ್ಷಗಟ್ಟಲೆ ಆದ ಮೇಲೆ, ದೂರದ ದೇಶದಲ್ಲಿ ಕುಳಿತು ನೆನೆದ ಸುರಪುರ ಅದು.

ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ರಾಜ ಇನ್ನೂ ಹುಡುಗನಾಗಿದ್ದಾಗಲೇ ಅವನ ಜಾತಕ ನೋಡಿದ ಪುರೋಹಿತರು ಟೇಲರ್‌ಗೆ ಗುಟ್ಟಾಗಿ ಹೇಳುತ್ತಾರೆ: ಈ ಹುಡುಗ 24ನೇ ವರ್ಷ ದಾಟುವುದಿಲ್ಲ. 1858ರಲ್ಲಿ ವೆಂಕಟಪ್ಪ ನಾಯಕ ಸತ್ತಾಗ ವಯಸ್ಸು ಸರಿಯಾಗಿ ಅಷ್ಟೇ ಆಗಿತ್ತು ಎಂದು ಪುಸ್ತಕ ಹೇಳುತ್ತದೆ. ಓದಿದರೆ ಮೈ ಜುಮ್ ಅನ್ನುತ್ತದೆ. ಸುರಪುರದಲ್ಲಿ ಈ ಕತೆ ಇವತ್ತಿಗೂ ಬಾಯಿಂದ ಬಾಯಿಗೆ ಓಡಾಡುತ್ತದೆ.

ನಾವು ಕೇಳುವ ಪ್ರಶ್ನೆ ಸಣ್ಣದು. ಪುರೋಹಿತರು ಹೇಳಿದ ದಿನವೇ ತಾರೀಖು ಹಾಕಿ ಬರೆದ ಒಂದು ಪುಟವನ್ನು ಪುಸ್ತಕ ನಮ್ಮ ಮುಂದೆ ಇಟ್ಟಿದ್ದರೆ ಮಾತೇ ಬೇರೆ ಇರುತ್ತಿತ್ತು. ಆ ದಿನ ಬರೆಯುವವನಿಗೆ ಹುಡುಗ ಎಷ್ಟು ವರ್ಷ ಬದುಕುತ್ತಾನೆ ಎಂದು ಗೊತ್ತಿರುವುದಿಲ್ಲ. ಆತ್ಮಕಥೆ ಬರೆದವನಿಗೆ ಗೊತ್ತಿತ್ತು. ಗೊತ್ತಿದ್ದವನ ನೆನಪು ಸುಳ್ಳು ಎಂದು ನಾವು ಹೇಳುತ್ತಿಲ್ಲ. ಆದರೆ ಕೊನೆ ಗೊತ್ತಿರುವ ನೆನಪು ಆ ಕೊನೆಗೆ ಹೊಂದುವ ಮಾತನ್ನೇ ಎತ್ತಿಕೊಳ್ಳುತ್ತದೆ. ಅದೇ ಹೊತ್ತಿನಲ್ಲಿ ಹೇಳಿದ, ನಿಜವಾಗದ ಹತ್ತು ಭವಿಷ್ಯ ಕೆಳಗೆ ಉದುರಿಹೋಗಿರುತ್ತವೆ. ನಮ್ಮ ನಿಮ್ಮ ಮನೆಯಲ್ಲೂ ಇದು ನಡೆಯುತ್ತದೆ. ಮಳೆ ಬಂದ ಮೇಲೆ ‘ನಾ ಮೊದಲ ಹೇಳಿದ್ದೆ’ ಎನ್ನುವ ಕಾಕಾ ಇಲ್ಲದ ಊರು ಯಾವುದು?

ಆವತ್ತಿನ ಪುಟ ಹೇಗಿರುತ್ತದೆ ಎಂದು ನೋಡಬೇಕಾದರೆ ನಮ್ಮ ಜಿಲ್ಲೆ ಬಿಟ್ಟು ತೆಂಕಣಕ್ಕೆ ಹೋಗಬೇಕು. ಟಿಪ್ಪು ಸುಲ್ತಾನ ಸತ್ತ ಮರುವರ್ಷ, 1800ರ ಏಪ್ರಿಲ್‌ನಲ್ಲಿ ಫ್ರಾನ್ಸಿಸ್ ಬುಕನನ್ ಎಂಬ ವೈದ್ಯ ಮದರಾಸಿನಿಂದ ಹೊರಟ. ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆ: ಮೈಸೂರು ಸೀಮೆ, ಕನ್ನಡ ಜಿಲ್ಲೆ, ಮಲಬಾರು ಸುತ್ತಿ ಬೆಳೆ, ಭೂಮಿ, ಕಸುಬು, ಜನ ಎಲ್ಲವನ್ನೂ ಬರೆದು ತಾ. ಬುಕನನ್ ಒಂದು ವರ್ಷಕ್ಕೂ ಹೆಚ್ಚು ತಿರುಗಿದ. 1807ರಲ್ಲಿ ಮೂರು ದೊಡ್ಡ ಸಂಪುಟಗಳಾಗಿ ಅಚ್ಚಾದ ಅವನ ಪುಸ್ತಕ ತಾರೀಖಿನ ಸಾಲಿನಲ್ಲೇ ಇದೆ. ಬೆಳಿಗ್ಗೆ ಇಂಥ ಊರಿಂದ ಇಷ್ಟು ಹರದಾರಿ ಬಂದೆ, ಇಲ್ಲಿ ಮಣ್ಣು ಇಂಥದ್ದು, ರಾಗಿ ಬಿತ್ತುವುದು ಹೀಗೆ, ಆಳಿನ ಕೂಲಿ ಇಷ್ಟು, ಇಲ್ಲಿಯ ಸೇರು ಆ ಊರಿನ ಸೇರಿಗಿಂತ ದೊಡ್ಡದು. ಓದಲು ಬೇಸರ, ನಿಜ. ಕೆಲವು ಪುಟ ಓದಿದರೆ ನಿದ್ದೆ ಬರುತ್ತದೆ. ಆದರೆ 200 ವರ್ಷದ ಹಿಂದೆ ರೈತನೊಬ್ಬ ಕೂರಿಗೆ ಹೇಗೆ ಹೂಡುತ್ತಿದ್ದ ಎಂದು ತಿಳಿಯಬೇಕಾದವರು ಇವತ್ತಿಗೂ ಆ ಬೇಸರದ ಪುಟಕ್ಕೇ ಹೋಗುತ್ತಾರೆ. ಬುಕನನ್ ಕಂಪನಿಯ ಕೆಲಸಕ್ಕೆ ಬರೆದ, ಕಂಪನಿಯ ಕಣ್ಣಿನಿಂದಲೇ ನೋಡಿದ. ಆದರೂ ನಾಳೆ ಯಾವ ಊರಲ್ಲಿ ಏನು ಕಾಣುತ್ತೇನೆ ಎಂದು ಗೊತ್ತಿಲ್ಲದೆ ಬರೆದ ಕಾರಣ, ಅವನ ಪುಟಗಳಿಂದ ಅವನ ಅಭಿಪ್ರಾಯ ತೆಗೆದುಬಿಟ್ಟರೂ ಸಂಗತಿ ಉಳಿಯುತ್ತದೆ.

ನಮ್ಮಲ್ಲೂ ದಿನಾ ಬರೆಯುವ ಪದ್ಧತಿ ಇರಲಿಲ್ಲ ಅಂತಲ್ಲ. 1705ರಲ್ಲಿ ಔರಂಗಜೇಬ್ ಬಾದಶಹ ಖುದ್ದಾಗಿ ಬಂದು ವಾಗಿನಗೇರಿ ಕೋಟೆ ಮುತ್ತಿದ. ತಾನೇ ಮುಂದೆ ನಿಂತು ಮಾಡಿದ ಅವನ ಕೊನೆಯ ಮುತ್ತಿಗೆ ಅದು. ಕೋಟೆ ಸಿಕ್ಕಿತು, ಪಿಡ್ಡ ನಾಯಕ ಸಿಗಲಿಲ್ಲ. ಆಮೇಲೆ ಬಾದಶಹ ಕಾಯಿಲೆ ಬಿದ್ದು ದೇವಾಪುರದಲ್ಲಿ ತಿಂಗಳುಗಟ್ಟಲೆ ಡೇರೆ ಹಾಕಿದ್ದ. ಮೊಗಲ್ ದರಬಾರು ಎಲ್ಲಿ ಡೇರೆ ಹಾಕಿದರೂ ದಿನದಿನದ ಸುದ್ದಿ ಬರೆಯುವವರು ಜೊತೆಗಿರುತ್ತಿದ್ದರು. ಆ ಹಾಳೆಗಳಿಗೆ ಅಖಬಾರ್ ಎಂದು ಹೆಸರು. ಔರಂಗಜೇಬನ ಕಾಲದ ಅಂಥ ಹಾಳೆಗಳ ದೊಡ್ಡ ರಾಶಿ ಇಂದಿಗೂ ಉಳಿದಿದೆ. ನಮ್ಮ ಹಿರಿಯರು ಪೇಪರ್‌ಗೆ ಅಖಬಾರು ಎನ್ನುತ್ತಿದ್ದದ್ದು ನೆನಪಿದೆಯೇ? ಆ ಮಾತು ಅದೇ. ಆದರೆ ಅದರಲ್ಲಿ ಬರುವುದು ಬಾದಶಹ ಎದ್ದದ್ದು, ಕೂತದ್ದು, ಯಾರಿಗೆ ಏನು ಇನಾಮು ಕೊಟ್ಟದ್ದು. ಆ ದಂಡು ಮೇಯಿಸಿದ ಜೋಳದ ಹೊಲ ಯಾರದು ಎಂದು ಅದರಲ್ಲಿ ಯಾಕೆ ಬರುತ್ತದೆ?

ಇನ್ನು ನಮ್ಮ ಎಂಟು ದಿನದ ಮಾತು.

ದೂರದ ಕುದುರೆ ಪ್ರಯಾಣ ಹಳೆಯ ಕಾಲದ ಸಂಗತಿ ಎಂದುಕೊಂಡವರು ಸಂಕ್ರಾಂತಿ ಮುಗಿದ ಮೇಲೆ ನಮ್ಮ ರಸ್ತೆಗಳನ್ನು ನೋಡಬೇಕು. ಜೋಳದ, ತೊಗರಿಯ, ಭತ್ತದ ಹೊಲ ಖಾಲಿಯಾಗುತ್ತಿದ್ದಂತೆ ಕುರಿಗಾರರು ಬರುತ್ತಾರೆ. ಮುಂದೆ ಕುರಿ ಹಿಂಡು, ಹಿಂದೆ ಒಂದೋ ಎರಡೋ ತಟ್ಟು ಕುದುರೆ. ಕುದುರೆ ಮೇಲೆ ಬಲೆ, ಗೂಟ, ಕಂಬಳಿ, ಪಾತ್ರೆ, ಜೋಳದ ಚೀಲ, ನಡೆಯಲಾರದ ಎಳೆ ಮರಿಗಳು. ಎಲ್ಲದರ ಮೇಲೆ ಕಾಲು ಕಟ್ಟಿಸಿಕೊಂಡ ನಾಲ್ಕು ಕೋಳಿ. ಆ ಕುದುರೆ ಮೇಲೆ ಸವಾರಿಗೆ ಜಾಗವೇ ಇಲ್ಲ. ಮನುಷ್ಯರು ನಡೆಯುತ್ತಾರೆ. ವರ್ಷದಲ್ಲಿ ತಿಂಗಳುಗಟ್ಟಲೆ ಹೀಗೇ.

ನಮ್ಮಲ್ಲಿ ಮೂವರು ಅಂಥ ಒಂದು ಕುಟುಂಬದ ಜೊತೆ ಭೀಮಾ ದಂಡೆಯಿಂದ ಸುರಪುರದ ತನಕ ನಡೆದೆವು. ಮೊದಲೇ ನೇಮ ಮಾಡಿಕೊಂಡಿದ್ದೆವು: ನಡೆಯುವಾಗ ಬರೆಯುವುದಿಲ್ಲ, ಬಿಡಾರ ಬಿದ್ದ ಮೇಲೆ ಊಟಕ್ಕೆ ಮುಂಚೆ ಮೂವರೂ ಬೇರೆಬೇರೆ ಬರೆಯಬೇಕು, ಒಬ್ಬರದನ್ನು ಒಬ್ಬರು ನೋಡುವಂತಿಲ್ಲ. ಒಬ್ಬರು ಮಾತ್ರ ಬರೆಯದೆ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿದರು. ಮೂರನೇ ದಿನ ಚಾರ್ಜು ಮುಗಿಯಿತು, ಅವರೂ ಪೆನ್ನಿಗೆ ಬಂದರು. ಹೊಲದಲ್ಲಿ ಕರೆಂಟು ಎಲ್ಲಿ ಸಿಗಬೇಕು?

ಮೊದಲ ಸಂಜೆ ನಾವು ಬರೆಯಲು ಕೂತಾಗ ಕುಟುಂಬದ ಹಿರಿಯ ಬಂದು ನಿಂತರು.

“ಏನ್ ಬರೀತೀರಿ?”

“ಇವತ್ತ ನೋಡಿದ್ದು, ಕೇಳಿದ್ದು.”

“ಕುದ್ರಿ ಬೆನ್ನಿಂದ ಬರದೀರೇನು?”

ಬರೆದಿರಲಿಲ್ಲ. ನಾವು ಹೊಳೆಯ ಮೇಲಿನ ಸಂಜೆ ಬೆಳಕಿನ ಬಗ್ಗೆ ಬರೆಯುತ್ತಿದ್ದೆವು.

“ಅದನ್ನ ಮೊದಲ ಬರೀರಿ. ಬೆಳಕ ನಾಳೀನೂ ಇರ್ತದ. ಬೆನ್ನ ಹುಣ್ಣಾದ್ರ ನಾಳಿ ಪ್ರಯಾಣ ಇಲ್ಲ.”

ಹಗ್ಗ ಒತ್ತಿದ ಕಡೆ ಕೂದಲು ಸವೆದಿದೆಯೇ, ಮುಟ್ಟಿದರೆ ಚರ್ಮ ಬಿಸಿ ಇದೆಯೇ, ಕುದುರೆ ಮೈ ಕೊಡವುತ್ತದೆಯೇ ಎಂದು ಅವರು ತೋರಿಸಿಕೊಟ್ಟರು. ಇದು ಜಗತ್ತಿನ ಎಲ್ಲ ಕುದುರೆ ಪ್ರಯಾಣಿಕರಿಗೂ ಗೊತ್ತಿರುವ ಪಾಠ. ಚಿಫೆಲಿ ಎಂಬ ಸ್ವಿಟ್ಜರ್ಲೆಂಡಿನ ಮೇಷ್ಟ್ರು 1925ರಲ್ಲಿ ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್‌ನಿಂದ ಮಾಂಚಾ, ಗಾಟೋ ಎಂಬ ಎರಡು ಕುದುರೆ ಕಟ್ಟಿಕೊಂಡು ಹೊರಟು, ಸುಮಾರು 16,000 ಕಿಲೋಮೀಟರು ನಡೆದು 1928ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಮುಟ್ಟಿದ. ಎರಡೂ ಕುದುರೆಗಳಿಗೆ ಆಗಲೇ 15 ವರ್ಷ ದಾಟಿದ ವಯಸ್ಸು, ಯಾರೂ ಆ ಮುದಿ ಕುದುರೆಗಳನ್ನು ನಂಬಿರಲಿಲ್ಲ. ಅವನ ಹೆಸರು ಜಗತ್ತಿಗೇ ಗೊತ್ತು. ಅವನು ನಡೆದಷ್ಟು ದೂರವನ್ನು ನಮ್ಮ ಕುರಿಗಾರರೂ ತಮ್ಮ ಜೀವಮಾನದಲ್ಲಿ ನಡೆದಿರುತ್ತಾರೆ. ಪುಸ್ತಕ ಮಾತ್ರ ಇಲ್ಲ ಎಂದು ನಾವು ಆ ರಾತ್ರಿ ಮಾತಾಡಿಕೊಂಡೆವು.

ನಾಲ್ಕನೇ ದಿನ, ಶಹಾಪುರ ಇನ್ನೂ ಮುಂದಿದೆ ಎನ್ನುವಾಗ, ದೊಡ್ಡ ಕುದುರೆ ಎಡ ಮುಂಗಾಲು ಎಳೆಯತೊಡಗಿತು. ಹಿರಿಯ ಗೊರಸು ಎತ್ತಿ, ಕೆರೆದು, ಚಿಮಟಿಗೆಯಿಂದ ಜಾಲಿ ಮುಳ್ಳು ಕಿತ್ತರು. ಅರಿಶಿಣ, ಎಣ್ಣೆ ಬಿಸಿ ಮಾಡಿ ಹಚ್ಚಿದರು. ನಮ್ಮಲ್ಲೊಬ್ಬರು ಮುಳ್ಳನ್ನು ಬೆಂಕಿಕಡ್ಡಿ ಪಕ್ಕ ಇಟ್ಟು ನೋಡಿ ಬರೆದುಕೊಂಡರು: ಅರ್ಧ ಕಡ್ಡಿ ಉದ್ದ. ಆವತ್ತು ಬಿಡಾರ ಅಲ್ಲೇ.

ಮರುದಿನ ಹೊಲದ ಗೌಡರು ಬಂದಾಗ ಹಿರಿಯ ಈ ಸುದ್ದಿ ಹೇಳಿದರು. ಮುಳ್ಳು ಒಂದು ಕಡ್ಡಿಯಷ್ಟಾಗಿತ್ತು. ಶಹಾಪುರ ದಾಟಿ ಇನ್ನೊಂದು ಬಿಡಾರದಲ್ಲಿ ಬೇರೆ ಕುರಿಗಾರರು ಸಿಕ್ಕರು. ಅಷ್ಟರಲ್ಲಿ ಮುಳ್ಳು ತೋರುಬೆರಳಿನಷ್ಟಾಗಿತ್ತು, ಕುದುರೆ ಮೂರು ದಿನ ನೆಲಕ್ಕೆ ಕಾಲಿಟ್ಟಿರಲಿಲ್ಲ. ಸುರಪುರ ಮುಟ್ಟುವ ಹೊತ್ತಿಗೆ ಅದು ರಾತ್ರಿ ಆಗಿತ್ತು, ಕತ್ತಲು ಇತ್ತು, ಟಾರ್ಚು ಕೆಟ್ಟಿತ್ತು. ನಾವು ನಾಲ್ಕೂ ಆವೃತ್ತಿಯನ್ನು ತಾರೀಖಿನ ಸಮೇತ ಬರೆದುಕೊಂಡೆವು. ಹಿರಿಯರು ಸುಳ್ಳುಗಾರರೆಂದು ದಯಮಾಡಿ ತಿಳಿಯಬೇಡಿ. ಇಷ್ಟು ಸೊಗಸಾಗಿ ಕತೆ ಹೇಳುವವರನ್ನು ನಾವು ಕಂಡಿದ್ದು ಕಡಿಮೆ. ನಾಲ್ಕನೇ ಆವೃತ್ತಿ ಕೇಳಿ ನಮಗೇ ಅದೇ ನಿಜ ಅನ್ನಿಸಿತ್ತು. ನಾಲ್ಕು ದಿನದಲ್ಲಿ ಒಂದು ಮುಳ್ಳು ಇಷ್ಟು ಬೆಳೆಯುವುದಾದರೆ ಎರಡು ದಶಕದಲ್ಲಿ ಒಂದು ಜಾತಕ ಎಷ್ಟು ಬೆಳೆದೀತು ಎಂಬ ಯೋಚನೆ ನಮಗೆ ಬಂದದ್ದು ಅಲ್ಲೇ.

ಆದರೆ ಆ ಪ್ರಯಾಣದಲ್ಲಿ ಸಿಕ್ಕ ದೊಡ್ಡ ಸಂಗತಿ ಮುಳ್ಳಿನದಲ್ಲ.

ಆರನೇ ದಿನ ಕುದುರೆಯ ಹೊರೆ ಇಳಿಸುವಾಗ ಜೋಳದ ಚೀಲದ ಬಾಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ನೋಟುಬುಕ್ಕು ಕೆಳಗೆ ಬಿತ್ತು. 200 ಪುಟದ, ಹಿಂದಿನ ರಟ್ಟಿನ ಮೇಲೆ ಮಗ್ಗಿ ಅಚ್ಚು ಹಾಕಿದ, ಶಾಲೆ ಮಕ್ಕಳ ನೋಟುಬುಕ್ಕು. ಮನೆಯ ಸೊಸೆ ಅದನ್ನು ಎತ್ತಿ ಮಣ್ಣು ಒರೆಸಿದರು. ಎಸ್ಸೆಸ್ಸೆಲ್ಸಿ ಓದಿದ ಹೆಣ್ಣುಮಗಳು. ಐದು ದಿನ ನಮ್ಮ ಬರವಣಿಗೆಯನ್ನು ದೂರದಿಂದ ನೋಡುತ್ತಿದ್ದರು, ಒಂದು ಮಾತೂ ಆಡಿರಲಿಲ್ಲ.

ಅದು ಆ ಕುಟುಂಬದ ಲೆಕ್ಕದ ಪುಸ್ತಕ. ದಿನಕ್ಕೊಂದೆರಡು ಸಾಲು. ತಾರೀಖು, ಊರು, ಯಾರ ಹೊಲ. ರಾತ್ರಿ ಕುರಿ ನಿಲ್ಲಿಸಿದರೆ ಹೊಲಕ್ಕೆ ಗೊಬ್ಬರ ಬೀಳುತ್ತದೆ, ಅದಕ್ಕೆ ರೈತರು ದುಡ್ಡೋ ಕಾಳೋ ಕೊಡುತ್ತಾರೆ. ಎಷ್ಟು ಕೊಟ್ಟರು, ಎಷ್ಟು ಬಾಕಿ. ಸಂಜೆ ಎಣಿಕೆಗೆ ಎಷ್ಟು ಕುರಿ. ಮರಿ ಹಾಕಿದ್ದು, ಸತ್ತದ್ದು. ನೀರು ಎಲ್ಲಿ ಸಿಕ್ಕಿತು, ಮೋಟಾರು ಯಾರು ಚಾಲೂ ಮಾಡಿಕೊಟ್ಟರು. ನಾಲ್ಕನೇ ದಿನದ ಸಾಲು ನೋಡಿದೆವು: ‘ಕೆಂದ ಕುದುರೆ ಎಡಗಾಲು ಮುಳ್ಳು. ತಗದೀವಿ. ಇಲ್ಲೇ ವಸ್ತಿ.’ ನಾವು ಅದೇ ಸಂಗತಿಗೆ ಒಂದೂವರೆ ಪುಟ ಬರೆದಿದ್ದೆವು.

ಯಾಕೆ ಶುರು ಮಾಡಿದಿರಿ ಎಂದು ಕೇಳಿದೆವು. ಹಿಂದೊಮ್ಮೆ ಒಬ್ಬ ರೈತರ ಜೊತೆ ಮಾತಿಗೆ ಮಾತು ಬೆಳೆದಿತ್ತಂತೆ. ನಾಲ್ಕು ರಾತ್ರಿ ಕುರಿ ನಿಂತದ್ದೋ, ಮೂರೋ? ಎರಡೂ ಕಡೆಯವರಿಗೆ ತಮ್ಮ ನೆನಪೇ ಸರಿ. ಅಂದಿನಿಂದ ಬರೆಯುತ್ತಾರೆ. ಸತ್ತ ಕುರಿಯ ಲೆಕ್ಕಕ್ಕೆ ಇನ್ನೊಂದು ಕಾರಣ ಇದೆ. ಅನುಗ್ರಹ ಯೋಜನೆಯಲ್ಲಿ ಸತ್ತ ಕುರಿಗೆ ಸರ್ಕಾರದ ಪರಿಹಾರ ಸಿಗುತ್ತದೆ. ಮೊದಲು 5,000 ರೂಪಾಯಿ ಇತ್ತು, 2025ರ ಬಜೆಟ್‌ನಲ್ಲಿ 7,500ಕ್ಕೆ ಏರಿಸುವ ಘೋಷಣೆ ಆಯಿತು. ಅದಕ್ಕೆ ಪಶು ವೈದ್ಯರ ಮರಣೋತ್ತರ ಪರೀಕ್ಷೆ ಆಗಬೇಕು. ಊರಲ್ಲೇ ಇರುವವರಿಗೆ ಅದು ಸುಲಭ. ಬೇರೆ ತಾಲೂಕಿನ ಹೊಲದಲ್ಲಿ, ಬೆಳಗಾದರೆ ಹೊರಡಬೇಕಾದವರಿಗೆ ಯಾವ ದಿನ, ಯಾವ ಊರು, ಯಾರ ಹೊಲ ಎನ್ನುವುದೇ ಮೊದಲ ದಾಖಲೆ. ‘ಯಾವಾಗ ಸತ್ತದ್ದು?’ ಎಂದು ಕೇಳಿದರೆ ‘ಮೊನ್ನೆ ಆಚಿ ಮೊನ್ನೆ’ ಎನ್ನುವುದಕ್ಕೂ, ತಾರೀಖು ಹಾಕಿದ ಸಾಲು ತೋರಿಸುವುದಕ್ಕೂ ಬಹಳ ವ್ಯತ್ಯಾಸ ಇದೆ.

“ಯಾವಾಗ ಬರೀತೀರಿ?” ಎಂದೆವು. ನಾವು ಆರು ದಿನ ಜೊತೆಗಿದ್ದೂ ಕಂಡಿರಲಿಲ್ಲ.

“ಒಲಿ ಹಚ್ಚಿ ಎಸರ ಇಟ್ಟ ಮ್ಯಾಲ. ರೊಟ್ಟಿ ಬಡಿಯೋಕಿಂತ ಮೊದಲ. ಉಂಡ ಮ್ಯಾಲ ಬರದ್ರ ಸುಳ್ಳ ಬರ್ತಾವ್ರೀ.”

ಉಂಡ ಮೇಲೆ ಯಾಕೆ ಸುಳ್ಳು ಬರುತ್ತದೆ ಎಂದು ಕೇಳಿದ್ದಕ್ಕೆ ನಕ್ಕರು. ಉಂಡ ಮೇಲೆ ಮನುಷ್ಯರು ಮಾತಿಗೆ ಕೂರುತ್ತಾರೆ, ಮಾತಿಗೆ ಕೂತರೆ ಕುರಿಯ ಸಂಖ್ಯೆಯೂ ಹೆಚ್ಚಾಗುತ್ತದೆ, ಮಾವನೋರ ಮುಳ್ಳು ನೋಡಿದಿರಲ್ಲ ಎಂದರು. ನಮ್ಮ ನಾಲ್ಕು ಆವೃತ್ತಿಯ ಲೆಕ್ಕ ಅವರಿಗೂ ಗೊತ್ತಿತ್ತು!

ಪತ್ರಿಕೋದ್ಯಮದ ಕ್ಲಾಸಿನಲ್ಲಿ ನಾವು ನೋಟ್ಸ್ ತೆಗೆಯುವ ಬಗ್ಗೆ ಬೇಕಾದಷ್ಟು ಕೇಳಿದ್ದೇವೆ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಆ ಪುಸ್ತಕದಲ್ಲಿ ಲೆಕ್ಕವಲ್ಲದ ಸಾಲುಗಳೂ ಇದ್ದವು. ಅವು ಮಾರ್ಜಿನ್ನಿನಲ್ಲಿ, ಸಣ್ಣ ಅಕ್ಷರದಲ್ಲಿ. ‘ಮೋಡ ಆಗ್ಯಾದ.’ ‘ತಂಗಿ ಫೋನ್ ಮಾಡಿದ್ಲು.’ ‘ಈ ಊರಿನ ನೀರ ಸಪ್ಪ.’ ಒಂದು ಕಡೆ ತಾರೀಖು ಮಾತ್ರ ಇತ್ತು, ಮುಂದೆ ಪೂರ್ತಿ ಖಾಲಿ. ಅದೇನೆಂದು ಕೇಳಿದಾಗ ಅವತ್ತು ಬರೆಯಲು ಆಗಲಿಲ್ಲ ಎಂದಷ್ಟೇ ಹೇಳಿ ಪುಟ ಮಗುಚಿದರು. ನಾವು ಮುಂದೆ ಕೇಳಲಿಲ್ಲ. ತಾರೀಖು ಹಾಕಿದ್ದರು, ಆ ದಿನ ಇತ್ತು ಎನ್ನುವುದಕ್ಕೆ ಅಷ್ಟು ಸಾಕು.

ಪುಟಗಳ ಫೋಟೋ ತೆಗೆಯಬಹುದೇ ಎಂದೆವು. ದುಡ್ಡಿನ ಅಂಕಿ ಇರುವ ಪುಟ ಬೇಡ ಅಂದರು. ಎಲ್ಲ ಪುಟದಲ್ಲೂ ದುಡ್ಡಿನ ಅಂಕಿ ಇತ್ತು. ಹಾಗಾಗಿ ಫೋಟೋ ಇಲ್ಲ. ಮೇಲೆ ಹೇಳಿದ ಸಾಲುಗಳನ್ನು ಬರೆಯಲು ಮಾತ್ರ ಒಪ್ಪಿಗೆ ಕೊಟ್ಟಿದ್ದಾರೆ, ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ.

ಪುಸ್ತಕ ಇಲ್ಲ ಎಂದು ನಾವು ಮರುಗಿದ ಜನರ ಬಳಿ ಪುಸ್ತಕ ಇತ್ತು. ಅದು ಕುದುರೆಯ ಬೆನ್ನ ಮೇಲೇ ಇತ್ತು. ಇಂಥದ್ದು ಇನ್ನೆಷ್ಟು ಜೋಳದ ಚೀಲಗಳಲ್ಲಿ ಇದೆಯೋ! ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ವಂಶಾವಳಿ ಬರೆದುಕೊಂಡು ಬಂದು ಓದಿ ಹೇಳುತ್ತಿದ್ದ ಹೆಳವರನ್ನು ನೆನೆಸಿಕೊಳ್ಳಿ. ನಮ್ಮ ಕಡೆ ಎಷ್ಟೋ ಮನೆತನಗಳಿಗೆ ಏಳೆಂಟು ತಲೆಮಾರಿನ ಹೆಸರು ಗೊತ್ತಿರುವುದು ಅವರ ಹೊತ್ತಿಗೆಯಿಂದ. ತಿರುಗುವವರು ಬರೆಯುವುದಿಲ್ಲ ಎನ್ನುವುದು ಕೂತಿರುವವರ ಮಾತು.

ಎಂಟನೇ ದಿನ ಸುರಪುರದ ಬಂಡೆಗುಡ್ಡಗಳು ಕಂಡವು. ಅವರು ಕೃಷ್ಣಾ ಕಡೆ, ತಿಂಥಣಿ ದಾರಿ ಹಿಡಿದರು. ನಾವು ಊರೊಳಗೆ ಹೋಗಿ, ಬೆಟ್ಟ ಹತ್ತಿ ಟೇಲರ್ ಮಂಜಿಲ್ ಕಟ್ಟೆಯ ಮೇಲೆ ಕೂತು ನಮ್ಮ ಮೂರು ನೋಟುಬುಕ್ಕು ಮೊದಲ ಬಾರಿ ಅದಲುಬದಲು ಮಾಡಿ ಓದಿದೆವು. ಒಂದರಲ್ಲಿ ಹಕ್ಕಿ ಹೆಚ್ಚು, ಒಂದರಲ್ಲಿ ಮಾತು ಹೆಚ್ಚು, ಒಂದರಲ್ಲಿ ಊಟ. ಮೂರರಲ್ಲೂ ಒಂದೇ ಥರ ಇದ್ದದ್ದು ಕುದುರೆಯ ಬೆನ್ನು.

ಅಲ್ಲಿ ಕೂತಾಗ ವೆಂಕಟಪ್ಪ ನಾಯಕನ ಮಾತು ಬರದೆ ಇರುತ್ತದೆಯೇ? 1858ರ ಫೆಬ್ರುವರಿಯಲ್ಲಿ ಈ ಊರ ಸುತ್ತಲೇ ಕಾಳಗ ನಡೆಯಿತು. ಕ್ಯಾಪ್ಟನ್ ನ್ಯೂಬೆರಿ ಎಂಬ ಇಂಗ್ಲಿಷ್ ಅಧಿಕಾರಿ ಸತ್ತ. ರಾಜ ಹೈದರಾಬಾದಿಗೆ ಹೋದ, ಅಲ್ಲಿ ಸೆರೆ ಸಿಕ್ಕ. ಮರಣದಂಡನೆ ಆಗಿ, ಅದು ಇಳಿದಿಳಿದು ಕೊನೆಗೆ ನಾಲ್ಕು ವರ್ಷದ ಸೆರೆಯಾಯಿತು. ಸೆರೆಗೆ ಒಯ್ಯುವಾಗ ಹೈದರಾಬಾದಿನ ಹತ್ತಿರದ ಬಿಡಾರದಲ್ಲೇ, ಮೇ ತಿಂಗಳಲ್ಲಿ, ಗುಂಡು ತಗುಲಿ ಸತ್ತ. ಕಾವಲಿದ್ದ ಅಧಿಕಾರಿ ಡೇರೆಯಲ್ಲಿ ಬಿಟ್ಟುಹೋಗಿದ್ದ ಪಿಸ್ತೂಲು ಅದು, ರಾಜನ ಕೈಯಿಂದಲೇ ಹಾರಿತು ಎಂದು ಟೇಲರ್ ಬರೆಯುತ್ತಾರೆ. ಟೇಲರ್ ಆ ಬಿಡಾರದಲ್ಲಿ ಇರಲಿಲ್ಲ. ಅವರಿಗೆ ಬಂದದ್ದು ಸುದ್ದಿ. ಬ್ರಿಟಿಷರೇ ಕೊಂದರು ಎಂದು ಸುರಪುರದಲ್ಲಿ ಹೇಳುವವರಿದ್ದಾರೆ. ಅವರಿಗೂ ಬಂದದ್ದು ಸುದ್ದಿ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು, ಟೇಲರ್ ಊರು ಬಿಟ್ಟರು. ಆಮೇಲೆ ಕತೆಗಳು ಮಾತ್ರ ಎರಡೂ ಕಡೆ ಬೆಳೆಯುತ್ತ ಹೋದವು.

ಅಂಥ ಬಿಡಾರ ಅಂದರೆ ಒಬ್ಬ ಅಧಿಕಾರಿ, ಒಬ್ಬ ಕೈದಿ ಅಷ್ಟೇ ಅಲ್ಲ. ಪಹರೆಯವರು ಇರುತ್ತಾರೆ. ಒಲೆ ಹಚ್ಚುವವರು, ನೀರು ಹೊರುವವರು ಇರುತ್ತಾರೆ. ಜೀನು ಬಿಚ್ಚಿ ಕುದುರೆಯ ಬೆನ್ನು ನೋಡುವವರು ಇದ್ದೇ ಇರುತ್ತಾರೆ. ಆ ಸದ್ದು ಅವರ ಕಿವಿಗೂ ಬಿದ್ದಿರಬೇಕು. ಡೇರೆಯಿಂದ ಮೊದಲು ಯಾರು ಹೊರಗೆ ಬಂದರು, ಆಗ ಹೊತ್ತು ಎಷ್ಟಾಗಿತ್ತು, ಕುದುರೆಗಳು ಬೆದರಿದವೋ ಇಲ್ಲವೋ ಎನ್ನುವುದು ಅವರಿಗೆ ಗೊತ್ತಿತ್ತು.